ಚರಂಡಿ ಚಪ್ಪಡಿಯ ಕಡತ ಯಾರ ಮೇಜಿನ ಮೇಲಿದೆ?

ಮಲೆನಾಡಿನ ಒಂದು ಪೇಟೆಯಲ್ಲಿ ನಾನು ಬಾಡಿಗೆಗಿದ್ದ ಬೀದಿ ಅದು. ಮೇ ತಿಂಗಳ ಕೊನೆಯಲ್ಲಿ ಜಲ್ಲಿ ಲಾರಿಯ ಹಿಂದಿನ ಚಕ್ರ ಹತ್ತಿ ಚರಂಡಿಯ ಚಪ್ಪಡಿ ಎರಡು ಹೋಳಾಗಿ ಒಳಕ್ಕೆ ಬಿತ್ತು. ಎದುರು ಮನೆಯ ಅಕ್ಕ ಆ ಗುಂಡಿಯಲ್ಲಿ ಸಿಲ್ವರ್ ಮರದ ಕೊಂಬೆಯೊಂದನ್ನು ನಿಲ್ಲಿಸಿ, ತುದಿಗೆ ಹಳೇ ಕೆಂಪು ರವಿಕೆ ಬಟ್ಟೆ ಕಟ್ಟಿದರು. ವಾರ್ಡಿನ ಮೆಂಬರಿಗೆ ಹೇಳಿದರೆ "ಮಾಡ್ಸಣ ಬಿಡಿ ಅಕ್ಕ" ಅಂದರು. ಎಂಜಿನಿಯರು ಬಂದು ನೋಡಿ "ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಇಲ್ವಲ್ಲಮ್ಮ" ಅಂದರು. ಇನ್ನೂ ಮೇಲಿನವರ ಹತ್ತಿರ ಹೋದರೆ "ಇದು ನಿಮ್ಮ ಸ್ಥಳೀಯ ಸಂಸ್ಥೆಗೆ ಬರೋದು" ಎಂಬ ಉತ್ತರ. ಅಷ್ಟರಲ್ಲಿ ಆರಿದ್ರಾ ಮಳೆ ಹಿಡಿಯಿತು. ಬೀದಿಯ ತುಂಬ ಕೆನ್ನೀರು ಹರಿದು ಗುಂಡಿ ಯಾವುದು ರಸ್ತೆ ಯಾವುದು ಎಂದು ತಿಳಿಯದಾಯಿತು. ಕಾಣುತ್ತಿದ್ದದ್ದು ಆ ಕೆಂಪು ಬಟ್ಟೆ ಒಂದೇ.

ಆ ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಆದರೆ ಅಕ್ಕ ಮೂರೂ ಕಡೆ ಬಾಯಲ್ಲಿ ಹೇಳಿದ್ದರೇ ಹೊರತು ಎಲ್ಲಿಯೂ ಬರೆದು ಕೊಟ್ಟಿರಲಿಲ್ಲ. ಒಂದು ದಿನ ಬಿಳಿ ಹಾಳೆಯಲ್ಲಿ ಎಂಟು ಸಾಲು ಬರೆದು, ಅಕ್ಕಪಕ್ಕದ ಮನೆಯವರ ಸಹಿ ಹಾಕಿಸಿ, ಟಪಾಲು ಮೇಜಿನಲ್ಲಿ ಕೊಟ್ಟು, ತಮ್ಮ ನಕಲಿನ ಮೇಲೆ ತಾರೀಖಿನ ಮೊಹರು ಒತ್ತಿಸಿಕೊಂಡು ಬಂದರು. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಆ ಅರ್ಜಿ ಒಂದು ಸಾಲಾಗಿ ಬಂತು, ನಡವಳಿ ಪುಸ್ತಕದಲ್ಲಿ ತೀರ್ಮಾನವಾಗಿ ಇಳಿಯಿತು. ಮಳೆಗಾಲ ಮುಗಿಯುವ ಮೊದಲೇ ಹೊಸ ಚಪ್ಪಡಿ ಬಿತ್ತು.

ಸಣ್ಣ ಊರಿನ ಆಡಳಿತವನ್ನು ನಾನು ಅರ್ಥ ಮಾಡಿಕೊಂಡದ್ದು ಆ ಎಂಟು ಸಾಲಿನ ಕಾಗದದ ಹಿಂದೆ ಹೋಗಿ. ಸಕಲೇಶಪುರ, ಆಲೂರಿನ ಓದುಗರಿಗೆ ಅದೇ ದಾರಿಯನ್ನು ತೋರಿಸುತ್ತೇನೆ.

ಬೆಂಗಳೂರಿನಿಂದಲೋ ಹೊರದೇಶದಿಂದಲೋ ಬಂದ ನಂಟರು "ನಿಮ್ಮೂರಿಗೆ ಮೇಯರ್ ಯಾರು?" ಎಂದು ಕೇಳುವುದುಂಟು. ಸಕಲೇಶಪುರಕ್ಕೆ ಮೇಯರ್ ಇಲ್ಲ, ಇರುವುದು ಅಧ್ಯಕ್ಷರ ಹುದ್ದೆ. ಮೇಯರ್ ಎಂಬ ಹೆಸರು ಮಹಾನಗರ ಪಾಲಿಕೆಗಳದ್ದು. ಬೆಂಗಳೂರೊಂದನ್ನು ಬಿಟ್ಟರೆ ಅವು 1976ರ ಬೇರೆ ಕಾಯ್ದೆಯಡಿ ಬರುತ್ತವೆ. ಉಳಿದ ಊರುಗಳಿಗೆಲ್ಲ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವೇ ಆಧಾರ. ಅದು ಜನಸಂಖ್ಯೆ ನೋಡಿ ಊರನ್ನು ವಿಂಗಡಿಸುತ್ತದೆ. ಸುಮಾರು 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರಕ್ಕೆ ಪುರಸಭೆ, 50 ಸಾವಿರದಿಂದ 3 ಲಕ್ಷಕ್ಕೆ ನಗರಸಭೆ. ನಮ್ಮ ಹಾಸನ ಜಿಲ್ಲೆಯಲ್ಲಿ ಈ ಮೆಟ್ಟಿಲುಗಳೆಲ್ಲ ಕಣ್ಣೆದುರಿಗೇ ಇವೆ. ಆಲೂರು ಪಟ್ಟಣ ಪಂಚಾಯಿತಿ, ಸಕಲೇಶಪುರ ಪುರಸಭೆ, ಅರಸೀಕೆರೆ ನಗರಸಭೆ. ಹಾಸನ ನಗರಸಭೆಯಿಂದ ಮಹಾನಗರ ಪಾಲಿಕೆಯ ಕಡೆಗೆ ಹೆಜ್ಜೆ ಇಟ್ಟಿದೆ. 2011ರ ಜನಗಣತಿಯಲ್ಲಿ ಸಕಲೇಶಪುರ ಪೇಟೆಯ ಜನ 23,352. ಅದಕ್ಕೂ ಹತ್ತು ವರ್ಷದ ಹಿಂದೆ, 2001ರಲ್ಲಿ, 23,201. ಒಂದು ದಶಕದಲ್ಲಿ ಹೆಚ್ಚಿದ್ದು 151 ಜನ ಮಾತ್ರ.

ಈ ಲೆಕ್ಕ ಪುರಸಭೆಯ ಗಡಿಯ ಒಳಗಿನದು ಎಂಬುದು ನೆನಪಿರಲಿ. ಗಡಿಗೆ ಹತ್ತು ಮಾರು ಆಚೆ ಮನೆ ಕಟ್ಟಿದವರು ಗ್ರಾಮ ಪಂಚಾಯಿತಿಯವರು. ಅವರ ಕಾಯ್ದೆ 1993ರದು, ಅವರ ಕೆಲಸ ನೋಡುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಅವರಿಗೆ ಗ್ರಾಮಸಭೆ ಇದೆ. ಪೇಟೆಯ ಅಂಚಿನಲ್ಲಿ ನಿವೇಶನ ಕೊಳ್ಳುವವರು ದರ ವಿಚಾರಿಸುವ ಮೊದಲು ಖಾತೆ ಯಾವ ಕಚೇರಿಯದು ಎಂದು ಕೇಳಬೇಕು. ಕಸದ ಗಾಡಿ, ನಲ್ಲಿ ನೀರು, ಮನೆ ಕಟ್ಟುವ ಪರವಾನಗಿ ಎಲ್ಲವೂ ಆ ಒಂದು ಉತ್ತರದ ಮೇಲೆ ನಿಂತಿವೆ.

ಮೆಂಬರು, ಅಧ್ಯಕ್ಷರು, ಮುಖ್ಯಾಧಿಕಾರಿ

ಸಕಲೇಶಪುರ ಪುರಸಭೆಯಲ್ಲಿ 23 ವಾರ್ಡುಗಳು. ಒಂದೊಂದು ವಾರ್ಡಿನಿಂದ ಒಬ್ಬ ಸದಸ್ಯರು ಜನರ ಮತದಿಂದ ಆರಿಸಿ ಬರುತ್ತಾರೆ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಾರ್ಡುಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೆ ಮೀಸಲು ಇದೆ. ಮಹಿಳೆಯರಿಗೆ ಮೂರನೇ ಒಂದು ಭಾಗವಾದರೂ ಇರಬೇಕು ಎಂದು ಸಂವಿಧಾನ ಹೇಳುತ್ತದೆ. ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿದೆ. ಆರಿಸಿ ಬಂದವರ ಜೊತೆಗೆ ಸರ್ಕಾರ ಐವರವರೆಗೆ ನಾಮನಿರ್ದೇಶನ ಮಾಡಬಹುದು. ಇವರು ಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಶಾಸಕರು ಮತ್ತು ಸಂಸದರು ಕೂಡ ಸಭೆಯ ಸದಸ್ಯರೇ, ಅವರಿಗೆ ಮತ ಇದೆ. ಅಧ್ಯಕ್ಷರ ಆಯ್ಕೆಯಲ್ಲಿ ಎರಡು ಬಣ ಸಮನಾಗಿ ನಿಂತಾಗ ಈ ಎರಡು ಮತದ ಬೆಲೆ ಏನೆಂದು ಪೇಟೆಯವರಿಗೆ ಗೊತ್ತು. ಸಕಲೇಶಪುರ ವಿಧಾನಸಭಾ ಕ್ಷೇತ್ರಕ್ಕೆ ಆಲೂರೂ ಸೇರಿರುವುದರಿಂದ ಎರಡೂ ಊರಿನ ಸಭೆಗೆ ಶಾಸಕರು ಒಬ್ಬರೇ.

ಅಧ್ಯಕ್ಷರು, ಉಪಾಧ್ಯಕ್ಷರನ್ನು ನಾವು ನೇರವಾಗಿ ಆರಿಸುವುದಿಲ್ಲ. ಸದಸ್ಯರು ತಮ್ಮೊಳಗಿನಿಂದ ಆರಿಸುತ್ತಾರೆ. ಆ ಸ್ಥಾನ ಯಾವ ವರ್ಗಕ್ಕೆ ಎಂಬ ಮೀಸಲಾತಿ ಪಟ್ಟಿಯನ್ನು ಸರ್ಕಾರ ಪ್ರಕಟಿಸುತ್ತದೆ. ಐದು ವರ್ಷದ ಅವಧಿಯಲ್ಲಿ 30 ತಿಂಗಳಿಗೊಮ್ಮೆ ಅಧ್ಯಕ್ಷರು ಬದಲಾಗುತ್ತಾರೆ. ಪಕ್ಷದ ಚಿಹ್ನೆಯಲ್ಲಿ ಗೆದ್ದವರಿಗೆ ವಿಪ್ ಅನ್ವಯಿಸುತ್ತದೆ. ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧಕ್ಕೆಂದೇ 1987ರ ಕಾಯ್ದೆ ಇದೆ.

ಅಧ್ಯಕ್ಷರು ಸಭೆ ಕರೆಯುತ್ತಾರೆ, ನಡೆಸುತ್ತಾರೆ, ಹಣಕಾಸು ಮತ್ತು ಆಡಳಿತದ ಮೇಲೆ ಕಣ್ಣಿಡುತ್ತಾರೆ. ಮತ ಸಮ ಬಿದ್ದರೆ ಅವರ ಮತ ನಿರ್ಣಾಯಕ. ಆದರೆ ಪರವಾನಗಿಗೆ, ಖಾತೆಗೆ ಸಹಿ ಹಾಕುವುದು, ಸಿಬ್ಬಂದಿಯನ್ನು ಕೆಲಸಕ್ಕೆ ಹಚ್ಚುವುದು, ಗುತ್ತಿಗೆದಾರರಿಗೆ ಬಿಲ್ ಪಾವತಿಸುವುದು ಎಲ್ಲವೂ ಮುಖ್ಯಾಧಿಕಾರಿಯದು. ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಈ ಹುದ್ದೆಗೆ ಮುಖ್ಯಾಧಿಕಾರಿ ಎಂದೂ ನಗರಸಭೆಯಲ್ಲಿ ಪೌರಾಯುಕ್ತ ಎಂದೂ ಹೆಸರು. ಸಭೆಯಲ್ಲಿ ಅವರು ಕೂರುತ್ತಾರೆ, ವಿವರಣೆ ಕೊಡುತ್ತಾರೆ, ಮತ ಹಾಕುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಮೆರಿಕದ ಎಷ್ಟೋ ಸಣ್ಣ ಊರುಗಳಲ್ಲಿ ಜನ ಮೇಯರನ್ನು ನೇರವಾಗಿ ಆರಿಸುತ್ತಾರೆ, ಕೆಲವು ಕಡೆ ಅವರೇ ಆಡಳಿತದ ಯಜಮಾನರು. ಇನ್ನು ಕೆಲವು ಊರುಗಳಲ್ಲಿ ಆರಿಸಿ ಬಂದ ಸಭೆಯೇ ಒಬ್ಬ ಮ್ಯಾನೇಜರನ್ನು ಸಂಬಳಕ್ಕೆ ನೇಮಿಸಿಕೊಳ್ಳುತ್ತದೆ, ಬೇಡವಾದರೆ ಅದೇ ಸಭೆ ತೆಗೆಯುತ್ತದೆ. ನಮ್ಮ ಮುಖ್ಯಾಧಿಕಾರಿ ದೂರದಿಂದ ನೋಡಿದರೆ ಆ ಮ್ಯಾನೇಜರಿನ ಹಾಗೆಯೇ ಕಾಣುತ್ತಾರೆ. ಆದರೆ ಅವರನ್ನು ಕಳಿಸುವುದು, ವರ್ಗ ಮಾಡುವುದು ರಾಜ್ಯ ಸರ್ಕಾರ. ಪೌರಾಡಳಿತ ನಿರ್ದೇಶನಾಲಯ ಬೆಂಗಳೂರಿನಲ್ಲಿದೆ. ಜಿಲ್ಲಾ ಮಟ್ಟದಲ್ಲಿ ಮೇಲ್ವಿಚಾರಣೆ ಜಿಲ್ಲಾಧಿಕಾರಿಯದು, ಅವರ ಕೈಕೆಳಗೆ ಜಿಲ್ಲಾ ನಗರಾಭಿವೃದ್ಧಿ ಕೋಶ, ಅದಕ್ಕೊಬ್ಬ ಯೋಜನಾ ನಿರ್ದೇಶಕರು. ಕಾನೂನಿಗೆ ವಿರುದ್ಧವಾದ ತೀರ್ಮಾನವನ್ನು ಜಿಲ್ಲಾಧಿಕಾರಿ ತಡೆಹಿಡಿಯಬಲ್ಲರು. ಇಪ್ಪತ್ಮೂರು ಸದಸ್ಯರು ಒಂದೇ ಮಾತಿನಲ್ಲಿದ್ದರೂ ತಮ್ಮ ಕಚೇರಿಯ ಮುಖ್ಯಸ್ಥರನ್ನು ತಾವೇ ನೇಮಿಸಿಕೊಳ್ಳಲಾರರು. ನಮ್ಮ ಸ್ಥಳೀಯ ಸ್ವಾಡಳಿತದ ದೊಡ್ಡ ಕೊರತೆ ಇದು ಎಂದೇ ನನ್ನ ಅಭಿಪ್ರಾಯ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳನ್ನು ನಗರಾಡಳಿತಕ್ಕೆಂದು ಪಟ್ಟಿ ಮಾಡಿತು. ಕೊಡುವುದನ್ನು ರಾಜ್ಯಗಳಿಗೆ ಬಿಟ್ಟಿತು.

ಹಾಗಾಗಿ ಯಾವ ಕೆಲಸಕ್ಕೆ ಯಾರ ಬಳಿ ಹೋಗಬೇಕು ಎಂಬುದು ಮುಖ್ಯವಾಗುತ್ತದೆ. ಖಾತೆ ಬದಲಾವಣೆ, ಉದ್ದಿಮೆ ಪರವಾನಗಿ, ನಲ್ಲಿ ಸಂಪರ್ಕ ಇವು ನಿಯಮದ ಪ್ರಕಾರ ಆಗುವ ಕೆಲಸಗಳು. ಇವಕ್ಕೆ ಸಭೆ ಬೇಡ, ಮೆಂಬರಿನ ಶಿಫಾರಸೂ ಬೇಡ. ದಾಖಲೆ ಸರಿಯಿದ್ದರೆ ಕಚೇರಿ ಮಾಡಿಕೊಡಲೇಬೇಕು. 2012ರ ಏಪ್ರಿಲ್‌ನಿಂದ ನಡೆಯುತ್ತಿರುವ ಸಕಾಲ ವ್ಯವಸ್ಥೆಯಡಿ ಇಂಥ ಸೇವೆಗಳಿಗೆ ಇಷ್ಟು ದಿನ ಎಂದು ಗಡುವಿದೆ. ಅರ್ಜಿ ಕೊಟ್ಟಾಗ 15 ಅಂಕಿಯ ಸಕಾಲ ಸಂಖ್ಯೆಯನ್ನು ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಹೊಸ ಚರಂಡಿ, ಹೊಸ ಬೀದಿದೀಪ, ಉದ್ಯಾನ, ಮಳಿಗೆ ಹರಾಜು, ರಸ್ತೆಗೆ ಹೆಸರಿಡುವುದು ಇವೆಲ್ಲ ಸಭೆಯ ಕೆಲಸಗಳು. ಇಲ್ಲಿ ಮೆಂಬರೇ ಬೇಕು, ಏಕೆಂದರೆ ಸಭೆಯಲ್ಲಿ ಎದ್ದು ನಿಂತು ನಿಮ್ಮ ಬೀದಿಯ ಹೆಸರು ಹೇಳಬಲ್ಲವರು ಅವರು.

ದಿನನಿತ್ಯದ ತೊಂದರೆಗೆ ಇನ್ನೂ ಕೆಳಗಿನ, ಇನ್ನೂ ಹತ್ತಿರದ ಜನರಿದ್ದಾರೆ. ಕಸ, ಚರಂಡಿ, ಸತ್ತ ನಾಯಿಗೆ ಆರೋಗ್ಯ ನಿರೀಕ್ಷಕರು. ರಸ್ತೆ, ಕಟ್ಟಡಕ್ಕೆ ಎಂಜಿನಿಯರು. ಕಂದಾಯಕ್ಕೆ ಕಂದಾಯ ನಿರೀಕ್ಷಕರು, ಬಿಲ್ ಕಲೆಕ್ಟರು. ನೀರಿಗೆ ವಾಟರ್‌ಮ್ಯಾನ್. ಬೆಳಗಿನ ಜಾವ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಬಂದು, ರಸ್ತೆ ಮಧ್ಯದ ವಾಲ್ವ್ ಗುಂಡಿಗೆ ಇಳಿಸಿ, ಎರಡು ಕೈಯಲ್ಲಿ ತಿರುಗಿಸುವ ಆತನಿಗೆ ಯಾವ ಬೀದಿಗೆ ಎಷ್ಟು ಸುತ್ತು ಬಿಟ್ಟರೆ ಎತ್ತರದ ಮನೆಗೆ ನೀರು ಏರುತ್ತದೆ ಎಂಬುದು ಬಾಯಿಪಾಠ. ಯಾವ ನಕ್ಷೆಯಲ್ಲೂ ಇಲ್ಲದ ವಿದ್ಯೆ ಅದು. ಇನ್ನು ಪೌರಕಾರ್ಮಿಕರು. 700 ಜನಕ್ಕೆ ಒಬ್ಬರು ಎಂಬುದು ಸರ್ಕಾರದ ಅಳತೆ. 2011ರ ಜನಸಂಖ್ಯೆಗೆ ಹಾಕಿದರೆ ಸಕಲೇಶಪುರಕ್ಕೆ 33 ಜನ. ಜಡಿಮಳೆಯಲ್ಲಿ, ವಾರಾಂತ್ಯದ ಪ್ರವಾಸಿಗರು ಬಿಟ್ಟುಹೋದ ಪ್ಲಾಸ್ಟಿಕ್ಕಿನ ನಡುವೆ, 33 ಜನರಿಂದ ಒಂದು ಊರು ಚೊಕ್ಕಟವಾಗಿರಬೇಕು ಎಂಬ ಲೆಕ್ಕ ಅದು. ಪ್ರವಾಸಿಗರು ಆ ಎಣಿಕೆಯಲ್ಲಿ ಬರುವುದೇ ಇಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ಪೌರಕಾರ್ಮಿಕರ ಕೈಗೆ ನಾವು ತೋರಬೇಕಾದ ಕನಿಷ್ಠ ಮರ್ಯಾದೆ.

ಪುರಸಭೆಯದಲ್ಲದ ಕೆಲಸಕ್ಕೆ ಪುರಸಭೆಯ ಬಾಗಿಲು ತಟ್ಟಿ ದಿನ ಕಳೆಯುವವರೂ ಬಹಳ. ಊರ ನಡುವೆ ಹಾಯುವ ಬಿ.ಎಂ. ರಸ್ತೆಯ ದೊಡ್ಡ ದುರಸ್ತಿ, ಶಿರಾಡಿ ಘಾಟಿಯ ಕುಸಿತ, ರಾಷ್ಟ್ರೀಯ ಹೆದ್ದಾರಿ 75ರ ಕಾಮಗಾರಿ ಇವು ಹೆದ್ದಾರಿಯವರವು. ಕರೆಂಟು ಹೋದರೆ ಸೆಸ್ಕ್. ಬೀದಿದೀಪದ ಬಲ್ಬು ಮಾತ್ರ ಪುರಸಭೆಯದು, ಅದಕ್ಕೆ ಬರುವ ಲೈನು ಸೆಸ್ಕ್‌ನದು. ಕ್ರಾಫರ್ಡ್ ಆಸ್ಪತ್ರೆ ಆರೋಗ್ಯ ಇಲಾಖೆಯದು. ತೋಟಕ್ಕೆ, ಊರಂಚಿಗೆ ಆನೆ ಬಂದರೆ ಅರಣ್ಯ ಇಲಾಖೆ. ಹೇಮಾವತಿಯ ನೀರನ್ನು ಎತ್ತಿ, ಶುದ್ಧ ಮಾಡಿ, ಮನೆಗೆ ಬಿಡುವ ನಿತ್ಯದ ಕೆಲಸ ಪುರಸಭೆಯದು. ಕೋಟಿಗಟ್ಟಲೆ ವೆಚ್ಚದ ಹೊಸ ನೀರಿನ ಯೋಜನೆಗಳನ್ನು ಕಟ್ಟಿಕೊಡುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ.

ದುಡ್ಡು ಎಲ್ಲಿಂದ, ಯಾವಾಗ

ಪುರಸಭೆಗೆ ಸ್ವಂತ ಆದಾಯ ಬರುವ ದಾರಿಗಳು ಕೆಲವೇ: ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಸಂತೆ ಸುಂಕದ ಹರಾಜು, ಪರವಾನಗಿ ಶುಲ್ಕ. ಆಸ್ತಿ ತೆರಿಗೆಯನ್ನು ನಾವೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿ ಈಗ ಇದೆ. ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಚಲನ್ನಿನಲ್ಲಿ ತೆರಿಗೆಯ ಕೆಳಗೆ ಉಪಕರಗಳ ಸಾಲು ಇರುತ್ತದೆ, ಅದನ್ನೂ ಓದಿ. ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಇವನ್ನು ಪುರಸಭೆ ವಸೂಲಿ ಮಾಡುತ್ತದೆ, ಇಟ್ಟುಕೊಳ್ಳುವಂತಿಲ್ಲ. ಗ್ರಂಥಾಲಯ ಇಲಾಖೆಗೆ, ನಿರಾಶ್ರಿತರ ಪರಿಹಾರ ಕೇಂದ್ರಗಳ ಸಮಿತಿಗೆ ತಲುಪಿಸಬೇಕು.

ದೊಡ್ಡ ಕಾಮಗಾರಿಗಳು ನಡೆಯುವುದು ಮೇಲಿನಿಂದ ಬರುವ ಅನುದಾನದಲ್ಲಿ. ರಾಜ್ಯ ಹಣಕಾಸು ಆಯೋಗದ್ದು, ಕೇಂದ್ರ ಹಣಕಾಸು ಆಯೋಗದ್ದು, ನಗರೋತ್ಥಾನದಂಥ ಯೋಜನೆಗಳದ್ದು. ಅನುದಾನ ಬಂದಾಗ ಸಭೆ ಕ್ರಿಯಾ ಯೋಜನೆ ಮಾಡುತ್ತದೆ, ಅದು ಜಿಲ್ಲಾಧಿಕಾರಿಯ ಅನುಮೋದನೆ ಪಡೆದು, ಟೆಂಡರ್ ಆಗಿ, ಆಮೇಲೆ ಕೆಲಸ. "ಕ್ರಿಯಾ ಯೋಜನೆಯಲ್ಲಿ ಇಲ್ಲ" ಎಂಬ ಮಾತಿನ ಅರ್ಥ ಇದು. ಪಟ್ಟಿಗೆ ಸೇರದ ಚರಂಡಿಗೆ ಆ ಹಣದಲ್ಲಿ ಒಂದು ಚೀಲ ಸಿಮೆಂಟೂ ಬರುವುದಿಲ್ಲ. ಅನುದಾನದಲ್ಲಿ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ತೆಗೆದಿಡಬೇಕು. ಓದುವ ಮಕ್ಕಳಿಗೆ ಸಹಾಯಧನ, ಅಂಗವಿಕಲರಿಗೆ ಸಲಕರಣೆಯಂಥ ನೆರವು ಈ ಹಣದಿಂದ ಬರುತ್ತದೆ. ಅರ್ಜಿ ಕರೆದ ಪ್ರಕಟಣೆ ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿರುತ್ತದೆ. ಬೇಕಾದವರ ಕಣ್ಣಿಗೆ ಅದು ಬೀಳದೆ ಹೋಗುವುದೇ ಹೆಚ್ಚು. ನಿಮ್ಮ ಬೀದಿಯಲ್ಲಿ ಅಂಥ ಮನೆಯಿದ್ದರೆ ದಯವಿಟ್ಟು ಹೋಗಿ ಹೇಳಿ.

ಬಜೆಟ್ ಸಿದ್ಧವಾಗುವ ಕಾಲವನ್ನು ಮಲೆನಾಡಿನವರು ಬೇರೆಯೇ ಆಗಿ ಗಮನಿಸಬೇಕು. ಹಣಕಾಸು ವರ್ಷ ಏಪ್ರಿಲ್‌ಗೆ ಶುರುವಾಗುವುದರಿಂದ ಆಯವ್ಯಯದ ಪೂರ್ವಭಾವಿ ಸಭೆಗಳು, ಸಾರ್ವಜನಿಕರ ಸಲಹೆ ಕೇಳುವ ಸಭೆಗಳು ಚಳಿಗಾಲದಿಂದ ಮಾರ್ಚ್ ಒಳಗೆ ನಡೆಯುತ್ತವೆ. ಅದೇ ನಮ್ಮಲ್ಲಿ ಕಾಫಿ ಕುಯ್ಲಿನ ಸುಗ್ಗಿ. ಅರೇಬಿಕಾ ಮುಗಿಯುತ್ತ ಬಂದು ರೊಬಸ್ಟಾ ಹಣ್ಣಾಗಿರುತ್ತದೆ, ಕಣದಲ್ಲಿ ಹರಡಿದ್ದನ್ನು ತಿರುವಿ ಹಾಕುವುದಕ್ಕೂ ಆಳು ಸಿಗುವುದಿಲ್ಲ, ಮೆಣಸು ಕುಯ್ಯುವುದು ಬಾಕಿ. ಪೇಟೆಯ ಅಂಗಡಿಯವರಿಗೂ ಅದು ವ್ಯಾಪಾರದ ಕಾಲ. ಸಲಹೆ ಕೇಳುವ ಸಭೆಗೆ ಜನ ಬರುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದು ಚರಂಡಿ ಉಕ್ಕಿದಾಗ ಎಲ್ಲರೂ ಬರುತ್ತಾರೆ, ಆಗ ಬಜೆಟ್ ಮುಗಿದು ಮೂರು ತಿಂಗಳಾಗಿರುತ್ತದೆ. ಹೇಮಾವತಿ ತುಂಬಿ ಹರಿದಾಗ ನೀರು ನುಗ್ಗುವ ತಗ್ಗಿನ ಬೀದಿಯವರು ತಮ್ಮ ಅರ್ಜಿಯನ್ನು ಡಿಸೆಂಬರ್‌ನಲ್ಲೇ ಕೊಡಬೇಕು. ಕಳೆದ ಮಳೆಗಾಲದಲ್ಲಿ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಅದಕ್ಕೆ ಲಗತ್ತಿಸಿ. ಬಿಸಿಲಿನಲ್ಲಿ ಒಣಗಿ ನಿಂತ ಬೀದಿಯನ್ನು ನೋಡಿ ಎಂಜಿನಿಯರಿಗೆ ನೀರಿನ ಮಟ್ಟ ಗೊತ್ತಾಗುವುದಿಲ್ಲ.

ಸಭೆಯ ಕೊಠಡಿ

ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕೆಂಬುದು ನಿಯಮ. ಅದಕ್ಕೂ ಮುನ್ನ ಸದಸ್ಯರಿಗೆ ನೋಟಿಸು, ವಿಷಯಪಟ್ಟಿ ಹೋಗುತ್ತದೆ. ಮೊದಲ ವಿಷಯ ಯಾವಾಗಲೂ ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ಆಮೇಲೆ ತಿಂಗಳ ಜಮಾ-ಖರ್ಚು. ಬೇಸರದ ಬಾಬತ್ತು ಎಂದು ಇದನ್ನು ದಾಟಿಸಿಬಿಡುವ ಸದಸ್ಯರಿದ್ದಾರೆ, ಹಾಳೆ ಹಾಳೆಯಾಗಿ ತಿರುವಿ "ಮೋಟಾರು ರಿಪೇರಿ ಹೋದ ತಿಂಗಳೂ ಇತ್ತಲ್ಲ?" ಎಂದು ಕೇಳುವ ಸದಸ್ಯರೂ ಇದ್ದಾರೆ. ನಿಮ್ಮ ವಾರ್ಡಿನವರು ಇವರಲ್ಲಿ ಯಾರು ಎಂಬುದನ್ನು ಮುಂದಿನ ಚುನಾವಣೆಯ ಮೊದಲು ತಿಳಿದುಕೊಳ್ಳಬೇಕು. ಪಟ್ಟಿಯ ಕೊನೆಗೆ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಎಂಬ ಸಾಲಿರುತ್ತದೆ. ತುರ್ತು ಕೆಲಸಕ್ಕೆ ಅದು ಬೇಕು. ಆದರೆ ಮಳಿಗೆ, ನಿವೇಶನ, ದೊಡ್ಡ ಖರ್ಚಿನಂಥ ವಿಷಯಗಳು ಯಾರೂ ಮುಂಚೆ ಓದಿರದ ಆ ಸಾಲಿನಡಿ ಬಂದರೆ ಸದಸ್ಯರು ಎದ್ದು ಕೇಳಬೇಕು.

ಸಭೆಯನ್ನು ಸಾರ್ವಜನಿಕರು ಕೂತು ನೋಡಬಹುದು, ಅಧ್ಯಕ್ಷರು ಕಾರಣ ಹೇಳಿ ಬೇಡವೆಂದರೆ ಮಾತ್ರ ಇಲ್ಲ. ನೋಡಲು ಬಂದವರು ಮಾತಾಡುವಂತಿಲ್ಲ. ಆದರೂ ಹಿಂದಿನ ಬೆಂಚಿನಲ್ಲಿ ಬೀದಿಯ ನಾಲ್ಕು ಜನ ಕೂತಿದ್ದರೆ ಆ ಬೀದಿಯ ವಿಷಯ "ಮುಂದಿನ ಸಭೆಗೆ" ಎಂದು ಅಷ್ಟು ಸುಲಭವಾಗಿ ಹೋಗುವುದಿಲ್ಲ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದೆ. ಹಳ್ಳಿಗಳಿಗೆ ಗ್ರಾಮಸಭೆ ಇದೆ. ಮಧ್ಯದ ನಮ್ಮಂಥ ಪೇಟೆಗಳಿಗೆ ಸಂವಿಧಾನ ಅಂಥ ಕಡ್ಡಾಯವನ್ನು ಹಾಕಿಲ್ಲ. ಹೆತ್ತೂರು, ಯಸಳೂರಿನ ರೈತರು ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಬಹುದು. ಪೇಟೆಯವರಿಗೆ ಉಳಿದಿರುವುದು ಆ ಹಿಂದಿನ ಬೆಂಚು. ಅದನ್ನು ಖಾಲಿ ಬಿಡಬಾರದು.

ಆಲೂರಿನಲ್ಲಿ ಎಲ್ಲವೂ ಇದೇ ಮಾದರಿ, ಅಳತೆ ಸಣ್ಣದು. ಸದಸ್ಯರ ಸಂಖ್ಯೆ ಕಡಿಮೆ, ಸಿಬ್ಬಂದಿ ಇನ್ನೂ ಕಡಿಮೆ, ಸ್ವಂತ ಆದಾಯವೂ ಅಷ್ಟಕ್ಕಷ್ಟೆ. ಆದರೆ ಅಧ್ಯಕ್ಷರನ್ನೂ ಮುಖ್ಯಾಧಿಕಾರಿಯನ್ನೂ ಜನ ದಿನವೂ ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ನೋಡುತ್ತಾರೆ, ಅಲ್ಲಿಯೇ ಮಾತಾಡಿ ಮುಗಿಸುತ್ತಾರೆ. ಮೊಹರಿನ ಕಾಗದ ಅಲ್ಲಿಯೂ ಬೇಕೇ ಬೇಕು. ಮುಖ್ಯಾಧಿಕಾರಿ ವರ್ಗವಾಗಿ ಹೋದ ದಿನ ರಸ್ತೆಯಲ್ಲಿ ಆಡಿದ ಮಾತೂ ಅವರ ಜೊತೆಗೇ ಹೋಗುತ್ತದೆ.

ಸಭೆಯೇ ಇಲ್ಲದ ಕಾಲವೂ ಬರುತ್ತದೆ, ಅದನ್ನೂ ತಿಳಿದಿರಬೇಕು. ಸಕಲೇಶಪುರವೂ ಸೇರಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ 2018ರ ಆಗಸ್ಟ್ 31ರಂದು ಮತದಾನವಾಗಿ, ಸೆಪ್ಟೆಂಬರ್ 3ರಂದು ಎಣಿಕೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿಯ ತಕರಾರು ಹೈಕೋರ್ಟ್ ಮೆಟ್ಟಿಲೇರಿತು. ಗೆದ್ದ ಸದಸ್ಯರು ಎರಡು ವರ್ಷ ಅಧಿಕಾರವಿಲ್ಲದೆ ಕಾದರು. ಅಧ್ಯಕ್ಷರ ಆಯ್ಕೆ ಆದದ್ದು 2020ರ ಕೊನೆಯ ಭಾಗದಲ್ಲಿ. 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದರೆ ಎರಡನೆಯದರ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಸಂವಿಧಾನದ ಪ್ರಕಾರ ಐದು ವರ್ಷದ ಎಣಿಕೆ ಮೊದಲ ಸಭೆಯಿಂದ, ಮತ ಎಣಿಕೆಯ ದಿನದಿಂದಲ್ಲ. ನಾವು ಮತ ಹಾಕಿ ಆರಿಸಿದ ಸಭೆಗೆ ಬೀಗ ಹಾಕಿ ಎರಡು ವರ್ಷ ಸುಮ್ಮನಿರುವುದು ಎಂದರೆ ಮತದಾರರಿಗೆ ಮಾಡಿದ ಅನ್ಯಾಯ. ಇದನ್ನು ಗಟ್ಟಿಯಾಗಿ ಹೇಳಬೇಕು.

ಇಂಥ ಕಾಲದಲ್ಲಿ ಸಭೆಯ ಅಧಿಕಾರ ಆಡಳಿತಾಧಿಕಾರಿಯದು. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ದರ್ಜೆಯವರನ್ನು ಸರ್ಕಾರ ಆ ಜಾಗಕ್ಕೆ ನೇಮಿಸುತ್ತದೆ. ಸಕಲೇಶಪುರದಲ್ಲಿಯೇ ಉಪವಿಭಾಗಾಧಿಕಾರಿ ಕಚೇರಿ ಇರುವುದರಿಂದ ಮನವಿ ಕೊಡಲು ಹಾಸನಕ್ಕೆ ಹೋಗಲೇಬೇಕೆಂದಿಲ್ಲ. ಆಗ ವಿಷಯಪಟ್ಟಿ ಇರುವುದಿಲ್ಲ, ಹಿಂದಿನ ಬೆಂಚೂ ಇರುವುದಿಲ್ಲ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದನ್ನು ಮುಖ್ಯಾಧಿಕಾರಿಗೆ, ಇನ್ನೊಂದನ್ನು ಆಡಳಿತಾಧಿಕಾರಿಗೆ ಕೊಟ್ಟು ಎರಡಕ್ಕೂ ಸ್ವೀಕೃತಿ ಪಡೆಯಿರಿ.

ಅರ್ಜಿ ಏನಾಯಿತು ಎಂದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕ ಇಲ್ಲ. "ನನ್ನ ಅರ್ಜಿ ಯಾಕೆ ಬಾಕಿ ಇದೆ?" ಎಂದು ಕೇಳಬೇಡಿ. ಯಾಕೆ ಎಂಬುದು ದಾಖಲೆಯಲ್ಲಿ ಇರುವುದಿಲ್ಲ. "ಇಂಥ ತಾರೀಖಿನ ಸ್ವೀಕೃತಿಯ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ನಕಲು, ಆ ನಂತರದ ಮೂರು ಸಭೆಗಳ ನಡವಳಿಯ ನಕಲು ಕೊಡಿ" ಎಂದು ಬರೆಯಿರಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ನಮ್ಮ ಬೀದಿಯ ಅಕ್ಕ ಆ ನಡವಳಿಯ ನಕಲನ್ನು ಇನ್ನೂ ಇಟ್ಟುಕೊಂಡಿದ್ದಾರೆ. ತೆರಿಗೆ ರಸೀದಿ, ರೇಷನ್ ಕಾರ್ಡುಗಳ ಜೊತೆ, ಬೀರುವಿನ ಮೇಲಿನ ಖಾನೆಯಲ್ಲಿ. ವಿಷಯ ಸಂಖ್ಯೆಯ ಮುಂದೆ ಬೀದಿಯ ಹೆಸರು, ಅಂದಾಜು ಮೊತ್ತ, ಕೆಳಗೆ "ಸರ್ವಾನುಮತದಿಂದ ತೀರ್ಮಾನಿಸಲಾಯಿತು". ಬೀದಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಅದನ್ನು ಅವರು ಪೆನ್ಸಿಲ್ಲಿನಲ್ಲಿ ತಿದ್ದಿದ್ದಾರೆ.